ಗಾಳದ ಗರಡಿ ಓದಿಸಿದ ಹುಡುಗಿ

"ಈ ವಿಡಿಯೋದಲ್ಲಿರೋದು ನೀವೇ ತಾನೇ?"

ಗಲ್ಲಾಪೆಟ್ಟಿಗೆಯ ಮೇಲೆ ಧಪ್ಪೆಂದು ಬಂದು ಬಿದ್ದ ಮೊಬೈಲ್ ನೋಡಿ ಮೇಘಶ್ರೀ ಬೆಚ್ಚಿದಳು. ಪರದೆಯ ಮೇಲೆ ಅವಳದೇ ಮುಖ... ಅವಳದೇ ದನಿ!

"ಹುಡುಗ ಹೊಗಳುವ ನೆಪದಲ್ಲಿ ಮೆಲ್ಲಗೆ ಚುಚ್ಚಿದರೆ, ಮಾತಿನ ನಡುವೆ ಥಟ್ಟನೆ ಎದ್ದು ಹೋಗಿ ಕಾಯಿಸಿದರೆ, ಎಚ್ಚರ ಗೆಳತಿಯರೇ! 'ಗಾಳದ ಗರಡಿ' ಓದಿ. ಹೊಟ್ಟೆ ಹುಣ್ಣಾಗುವಷ್ಟು ನಗ್ತೀರ. ಆಮೇಲೆ ಯಾರ ಗಾಳಕ್ಕೂ ಸಿಗಲ್ಲ!"

ಅರಸೀಕೆರೆ ಬಸ್ ನಿಲ್ದಾಣದ ಎದುರು ಷಡಕ್ಷರಪ್ಪನವರ ಪುಸ್ತಕದಂಗಡಿ. ನೋಟ್‌ಬುಕ್ಕು, ಗೈಡು ಕೊಳ್ಳುವವರೇ ಹೆಚ್ಚು. ಕಥೆ, ಕಾದಂಬರಿಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲವೆಂದು ಮಗಳು ಮೇಘಶ್ರೀ ವಾರಕ್ಕೊಂದು ಪುಸ್ತಕದ ಬಗ್ಗೆ ಮಾತಾಡಿ ವಿಡಿಯೋ ಹಾಕುತ್ತಿದ್ದಳು. ಅದಕ್ಕೆ ಮೆಚ್ಚುಗೆ ಬಂದಿತ್ತು. ಜಗಳ ಬಂದದ್ದು ಇದೇ ಮೊದಲು!

"ನಾನೇ. ಏನಾಯ್ತು?" ಎಂದಳು.

"ಏನಾಯ್ತಾ? ಹಾರನಹಳ್ಳೀಗೆ ಹೆಣ್ಣು ನೋಡಕ್ಕೆ ಹೋಗಿದ್ದೆ ಕಣ್ರೀ. ನಾನು ಮಹಾಂತೇಶ, ನಮ್ದು ಹಳೇಬೀಡಲ್ಲಿ ಎಣ್ಣೆ ಗಾಣ. ಮಾತಾಡ್ತಿದ್ದಾಗ ಮೋಟ್ರು ಸುಟ್ಟೋಯ್ತು ಅಂತ ಫೋನ್ ಬಂತು, ಎದ್ದು ಹೊರಗೋದೆ. ವಾಪಸ್ ಬಂದು ಕೂತ್ರೆ ಆ ಹುಡುಗಿ ಎಲ್ಲಾರ ಮುಂದೆ, 'ಈ ಆಟ ನಂಗೊತ್ತು, ಪುಸ್ತಕದಲ್ಲಿ ಓದಿದ್ದೀನಿ' ಅನ್ನೋದಾ! ನಮ್ಮಮ್ಮ ಮುಖ ಎತ್ಕಂಡು ತಿರುಗಂಗಿಲ್ಲ ಈಗ."

ನಗಬಾರದೆಂದು ಮೇಘಶ್ರೀ ತುಟಿ ಕಚ್ಚಿದಳು. "ಹೊಗಳೋ ನೆಪದಲ್ಲಿ ಚುಚ್ಚಿದ್ದೂ ಉಂಟಾ?"

"ಉಪ್ಪಿಟ್ಟು ಚೆನ್ನಾಗೈತೆ, ಉಪ್ಪು ಒಂಚೂರು ಕಮ್ಮಿ ಅಂದೆ." ಅವನ ಕಿವಿ ಕೆಂಪಾದವು. "ಕಮ್ಮಿ ಇತ್ತು, ಅದ್ಕೇ ಅಂದೆ!"

ಇನ್ನು ತಡೆಯಲಾಗಲಿಲ್ಲ. ಅವಳು ಗಲ್ಲಾದ ಮೇಲೆ ತಲೆಯಿಟ್ಟು ನಕ್ಕೇಬಿಟ್ಟಳು. ಅವನು ಕೆಂಡವಾದ.

"ನಗ್ರೀ, ನಗಿ! ಅಂಥಾದ್ದೇನೈತೆ ಆ ಪುಸ್ತಕದಲ್ಲಿ? ಕೊಡಿ ಇಲ್ಲಿ."

ಕಣ್ಣೊರೆಸಿಕೊಂಡು ಅವಳು ಪುಸ್ತಕ ತೆಗೆದಳು. ಪುಸ್ತಕದ ಮಾತು ಬಂದರೆ ಅವಳಿಗೆ ಎದುರಿಗಿರುವವರು ಯಾರೆಂಬುದೂ ಮರೆತುಹೋಗುತ್ತಿತ್ತು.

"ಇದು ಕಟ್ಟುಕಥೆ ಅಲ್ಲ. ಹುಡುಗಿಯರನ್ನ ಒಲಿಸೋದು ಹೇಗೆ ಅಂತ ಹೋಟೆಲ್ ಹಾಲ್‌ಗಳಲ್ಲಿ ಶಿಬಿರ ನಡೆಸ್ತಾರಂತೆ. ಒಬ್ಬ ಪತ್ರಕರ್ತೆ ಅಲ್ಲಿ ಊಟ ಬಡಿಸೋಳಾಗಿ ಸೇರಿಕೊಂಡು ಕಂಡಿದ್ದೆಲ್ಲ ಬರೆದಿದ್ದಾರೆ. ಬೆಳೆದ ಗಂಡಸರು ಸಾಲಾಗಿ ಕನ್ನಡಿ ಮುಂದೆ ನಿಂತು ಅರ್ಧ ತುಟೀಲಿ ನಗೋದು ಕಲಿಯೋದು! ಹೆಂಗಸರ ಮನಸ್ಸು ಅಂಗೈಯಲ್ಲಿದೆ ಅಂತ ಪಾಠ ಹೇಳೋ ಗುರು, ಹೆಂಡತಿ ಫೋನ್ ಬಂದ ಕೂಡಲೇ ಬಾಗಿಲ ಹಿಂದೆ ಹೋಗಿ ಪಿಸುಗುಡೋದು! ಓದಿ... ಓದಿಕೊಂಡು ಬಂದು ಬೈಯಿರಿ."

ಮಹಾಂತೇಶ್ ಪುಸ್ತಕ ಕಂಕುಳಲ್ಲಿ ಅಮುಕಿಕೊಂಡು ಹೊರಟುಹೋದ.

ಮುಂದಿನ ಕೊಬ್ಬರಿ ಸಂತೆಯ ದಿನ, ಗಾಣಕ್ಕೆ ಕೊಬ್ಬರಿ ಕೊಳ್ಳಲು ಬಂದವನು ಮತ್ತೆ ಅಂಗಡಿಗೆ ಬಂದ. ಬೈಯಲಿಲ್ಲ.

"ನಕ್ಕೂ ನಕ್ಕೂ ಸಾಕಾಯ್ತು ಕಣ್ರೀ," ಎಂದ ಮೆತ್ತಗೆ. "ಆದ್ರೆ ಕೊನೆಕೊನೆಗೆ ಅಯ್ಯೋ ಅನ್ನಿಸ್ತು. ಆ ಹುಡುಗ್ರೆಲ್ಲ ಕೆಟ್ಟೋರಲ್ಲ, ಹೆದರಿಕೆಯೋರು. ಹೆಣ್ಮಕ್ಕಳ ಹತ್ರ ಹೆಂಗೆ ಮಾತಾಡ್ಬೇಕು ಅಂತ ಯಾರೂ ಹೇಳ್ಕೊಟ್ಟಿಲ್ಲ ಪಾಪ."

ಮೇಘಶ್ರೀ ಅವನನ್ನು ಹೊಸದಾಗಿ ನೋಡಿದಳು. ತಾನು ಇಷ್ಟು ಜನಕ್ಕೆ ಓದಿಸಿದ ಪುಸ್ತಕದಲ್ಲಿ ಈ ಮಾತನ್ನು ಇವನೊಬ್ಬನೇ ಕಂಡನಲ್ಲ!

ಅಲ್ಲಿಂದ ಅವನು ಕೊಬ್ಬರಿ ಕೊಳ್ಳಲು ಬಂದಾಗಲೆಲ್ಲ ಅಂಗಡಿಗೂ ಬರತೊಡಗಿದ. ಮಹಡಿಯ ಮೇಲಿನ ಮನೆಯಲ್ಲಿ ಅವಳ ಅಜ್ಜಿ ಮಹದೇವಮ್ಮನ ಮಂಡಿನೋವಿಗೆ ಗಾಣದ ಎಣ್ಣೆ ತಂದುಕೊಟ್ಟ. ಎಣ್ಣೆ ಕೊಡಲು ಹೋದವನನ್ನು ಅಜ್ಜಿ ಕಾಫಿ ಕುಡಿಸದೆ ಇಳಿಸುತ್ತಿರಲಿಲ್ಲ.

ಒಂದು ಭಾನುವಾರ ಅಜ್ಜಿ ಹಳೇಬೀಡು ನೋಡಲೇಬೇಕೆಂದು ಹಟ ಹಿಡಿದಳು. ಮಹಾಂತೇಶನೇ ಊರು ಸುತ್ತಿಸಿದ. ಪಕ್ಕದ ಬಸ್ತಿಹಳ್ಳಿಯ ಬಸದಿಗೆ ಬರುವಷ್ಟರಲ್ಲಿ, "ಮಂಡಿ ಹಿಡ್ಕಂತು ಕಣೇ, ನೀವಿಬ್ರೂ ನೋಡ್ಕಂಡ್ ಬನ್ನಿ," ಎಂದು ಅಜ್ಜಿ ಮರದ ನೆರಳಲ್ಲಿ ಕೂತುಬಿಟ್ಟಳು.

ಒಳಗೆ ತಣ್ಣನೆಯ ಅರೆಗತ್ತಲು. ಕನ್ನಡಿಯಂತೆ ಹೊಳೆಯುವ ಕರಿಕಲ್ಲಿನ ಕಂಬದಲ್ಲಿ ಅವರಿಬ್ಬರ ಬಿಂಬಗಳು ಉದ್ದುದ್ದವಾಗಿ ಬಾಗಿ ಒಂದಕ್ಕೊಂದು ತಾಗಿದ್ದವು. ಮಹಾಂತೇಶ್ ಗಂಟಲು ಸರಿಮಾಡಿಕೊಂಡ.

"ನಿಮ್ಮನ್ನ ನೋಡಿದ್ರೆ... ಕೆಂಪು ಕುದುರೆ ಮೇಲೆ ಯಾರೋ ಬತ್ತಾರೆ ಅಂತ ಕಾಯ್ತಿರೋರ ಹಂಗೆ ಕಾಣ್ತೀರ."

ಮೇಘಶ್ರೀಯ ಕೈ ನಡುಗಿತು.

ಕೆಂಪು ಕುದುರೆ! ಅಜ್ಜಿಯ ಕಥೆಯ ರಾಜಕುಮಾರ ಬಿಳಿ ಕುದುರೆ ಏರಿ ಬರುತ್ತಿದ್ದ. 'ನಮ್ಮೂರ ಧೂಳಿಗೆ ಬಿಳಿ ಕುದುರೆ ಕೊಳೆಯಾಗುತ್ತೆ, ಕೆಂಪು ಕುದುರೆ ಮಾಡು ಅಜ್ಜಿ' ಎಂದು ಪುಟ್ಟ ಮೇಘ ಅತ್ತು ಬಣ್ಣ ಬದಲಿಸಿದ್ದಳು. ಅದನ್ನು ಅವಳು ಯಾವ ಗೆಳತಿಗೂ ಹೇಳಿರಲಿಲ್ಲ. ಇವನಿಗೆ ಹೇಗೆ...?

'ಇವನೇ,' ಎಂದಿತು ಮನಸ್ಸು. 'ಇನ್ನೇನು ಗುರುತು ಬೇಕು?'

ವಾರ ಕಳೆಯುವಷ್ಟರಲ್ಲಿ ಮಹಾಂತೇಶನ ತಾಯಿ ಪುಷ್ಪಲತಾ ಷಡಕ್ಷರಪ್ಪನವರಿಗೆ ಫೋನ್ ಮಾಡಿದರು. ಬರುವ ಭಾನುವಾರ ಹನ್ನೊಂದಕ್ಕೆ ಎಲೆ ಅಡಿಕೆ ಹಿಡಿದು ಬರುವುದು, ಮಾತು ಗಟ್ಟಿ ಮಾಡುವುದು. ಎಲೆ ಅಡಿಕೆ ಬದಲಾದರೆ ಮುಗಿಯಿತು, ಆಮೇಲೆ ಹಿಂದೆ ಸರಿಯುವ ಮಾತಿಲ್ಲ.

ಶನಿವಾರ ಸಂಜೆ ಅಜ್ಜಿಯ ಮಂಡಿಗೆ ಎಣ್ಣೆ ಹಚ್ಚುತ್ತ ಮೇಘಶ್ರೀ ನಾಚಿಕೊಂಡೇ ಬಾಯಿಬಿಟ್ಟಳು.

"ಅಜ್ಜೀ... ಅವರಿಗೆ ನನ್ನ ಕೆಂಪು ಕುದುರೆ ಗೊತ್ತಿತ್ತು ಕಣಜ್ಜಿ! ಬಸದೀಲಿ ತಾವಾಗೇ ಹೇಳಿದ್ರು. ನಂಬ್ತೀಯಾ?"

ಅಜ್ಜಿ ಬೊಚ್ಚುಬಾಯಿ ತೆರೆದು ಕುಲುಕುಲು ನಕ್ಕಳು.

"ಅಯ್ಯೋ ನನ್ ಕೂಸೇ, ಯೋಳ್ಕೊಟ್ಟೋಳು ನಾನೇ ಅಲ್ವೇನೇ!"

"...ಏನು?"

"ಆ ಗಾಳದ ಪುಸ್ತಕಾನ ದಿನಾ ಸಂಜೆ ನೀನೇ ಓದ್ ಯೋಳಿದ್ಯಲ್ಲ. ಹುಡುಗಿ ಮನಸ್ನಾಗೆ ಏನೈತೆ ಅಂತ ಮನೆಯೋರ ಹತ್ರ ತಿಳ್ಕಂಡು, ತನಗೇ ಹೊಳೀತು ಅನ್ನಂಗೆ ಆಡ್ಬೇಕು ಅಂತ. ಒಳ್ಳೇ ಉಪಾಯ ಅನ್ನಿಸ್ತು. ಆ ಹುಡುಗ ಬಾಯಿಲ್ಲದೋನು, ಅವನಾಗೇ ಕೇಳೋನಲ್ಲ. ಕುದುರೆ ಮಾತು ಆಡೋ ಅಂದೆ. ಮಂಡಿನೋವು ಅಂತ ಕೂತಿದ್ದೂ ಅದ್ಕೇಯ!"

ಮಹದೇವಮ್ಮನಿಗೆ ಆ ಪುಸ್ತಕವೂ ಒಂದು ಕಥೆಯಾಗಿತ್ತು, ಅಷ್ಟೇ. ಕಥೆಯಲ್ಲಿ ಉಪಾಯವಿದ್ದರೆ ಬಳಸಬೇಕು, ಮೊಮ್ಮಗಳ ಮದುವೆಗಲ್ಲದೆ ಇನ್ಯಾವುದಕ್ಕೆ?

ಮೇಘಶ್ರೀಯ ಕೈಯಲ್ಲಿದ್ದ ಎಣ್ಣೆ ಬಟ್ಟಲು ಓರೆಯಾಗಿ ಚಾಪೆಯ ಮೇಲೆ ಚೆಲ್ಲಿತು.

'ಅಂದರೆ ಅವನು ಪಾಠ ಒಪ್ಪಿಸಿದ... ನಾನು ಅದನ್ನು ದೈವ ಅಂದುಕೊಂಡೆ! ಊರಿಗೆಲ್ಲ ಎಚ್ಚರ ಎಂದು ಹೇಳಿದವಳು ನಾನೇ ಗಾಳ ಕಚ್ಚಿದೆನಲ್ಲ!'

ಮೊಬೈಲ್ ಎತ್ತಿಕೊಂಡು ಮಹಾಂತೇಶನಿಗೆ ಟೈಪ್ ಮಾಡಿದಳು. 'ನಾಳೆ ಬರಬೇಡಿ. ಕುದುರೆ ಎಲ್ಲಿಂದ ಬಂತು ಅಂತ ಗೊತ್ತಾಯ್ತು.'

ಮರುಗಳಿಗೆಯೇ ಫೋನ್ ಹೊಡೆದುಕೊಂಡಿತು. ಅವಳು ತೆಗೆಯಲಿಲ್ಲ.

ಭಾನುವಾರ ಬೆಳಗ್ಗೆ ಮನೆಯಲ್ಲಿ ಹೋಳಿಗೆಯ ಕಂಪು. ಅಪ್ಪ ಹೊಸ ಪಂಚೆ ಉಟ್ಟು ಕುರ್ಚಿಗಳನ್ನು ಇಲ್ಲಿಂದಲ್ಲಿಗೆ, ಅಲ್ಲಿಂದಿಲ್ಲಿಗೆ ಇಡುತ್ತಿದ್ದರು. ಬೇಲೂರಿನಿಂದ ಸೋದರಮಾವ ಹೊರಟಾಗಿತ್ತು. ಹೇಗೆ ಹೇಳುವುದು? ಏನೆಂದು ಹೇಳುವುದು?

ಅವಳು ಕೆಳಗಿಳಿದು ಅಂಗಡಿಗೆ ಬಂದಳು. ಅರ್ಧ ಎಳೆದ ಷಟರ್ ಕೆಳಗಿನಿಂದ ಯಾರೋ ಬಗ್ಗಿ ಒಳಬಂದರು.

ಮಹಾಂತೇಶ್! ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು. ಹೊಸ ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ.

"ಫೋನ್ ಯಾಕ್ರೀ ತೆಗೀಲಿಲ್ಲ?"

"ತೆಗೆದಿದ್ರೆ ಯಾರ ಮಾತು ಆಡ್ತಿದ್ರಿ? ಅಜ್ಜೀದಾ, ಪುಸ್ತಕದ್ದಾ?"

ಅವನ ಮುಖ ಬಿಳುಚಿತು.

'ಇಲ್ಲ ಅನ್ನು,' ಎಂದು ಅವಳ ಒಳಗು ಅಂಗಲಾಚಿತು. 'ಅಜ್ಜಿ ಸುಳ್ಳು ಹೇಳಿದಳು ಅನ್ನು...'

"ಹೌದು," ಎಂದ. "ಕುದುರೆ ಮಾತು ನಂದಲ್ಲ. ಅಜ್ಜಿ ಹೇಳ್ಕೊಟ್ಟಿದ್ದು."

"ಯಾಕೆ? ಆ ಪುಸ್ತಕ ಓದಿ ಅಯ್ಯೋ ಅಂದವರು ನೀವು. ನೀವೇ ಯಾಕೆ ಹಾಗೆ ಮಾಡಿದ್ರಿ?"

"ಹೆದರಿಕೆ ಕಣ್ರೀ. ಹಾರನಹಳ್ಳೀಲಿ ನನ್ನ ಮಾತು ನಾನಾಡಿ ಬ್ಯಾಡ ಅನ್ನಿಸ್ಕಂಡೆ. ಅವತ್ತು ಸಿಟ್ಟು ಬಂತು, ಅಷ್ಟೇ. ನೀವೂ ಬ್ಯಾಡ ಅಂದ್ಬಿಟ್ರೆ..."

"ಬಸದೀಲಿ ನನ್ನ ಕೈ ನಡುಗಿತ್ತು ಗೊತ್ತಾ?" ಅವಳ ಕಣ್ಣು ತುಂಬಿ ಬಂದವು. "ಆ ನಡುಕ ನನ್ನದಾ, ನೀವು ಹುಟ್ಟಿಸಿದ್ದಾ? ನಂಗೀಗ ಗೊತ್ತಾಗ್ತಿಲ್ಲ! ನೀವು ನಂಗೆ ಇಷ್ಟಾನಾ ಅಂತ ನಾನೇ ಕೇಳಿಕೊಂಡ್ರೆ ಉತ್ತರ ಬರ್ತಿಲ್ಲ. ಅದನ್ನ ಕಿತ್ಕೊಂಡ್ರಲ್ಲ ನೀವು..."

ಹೊರಗೆ ಬಸ್ಸೊಂದು ಹಾರನ್ ಹೊಡೆಯುತ್ತ ಹಾದುಹೋಯಿತು.

"ತಪ್ಪಾಯ್ತು," ಎಂದ ಮಹಾಂತೇಶ್. "ಅಜ್ಜೀನ ಬೈಬ್ಯಾಡಿ. ನಮ್ಮ ಕಡೆಯಿಂದಲೇ ಬ್ಯಾಡ ಅಂದ್ರು ಅಂತ ನಿಮ್ಮಪ್ಪಾಜಿಗೆ ನಾನೇ ಹೇಳ್ತೀನಿ. ನಿಮಗೆ ಕೆಟ್ಟ ಹೆಸರು ಬರಬಾರ್ದು."

ಅವನು ಷಟರ್ ಕಡೆ ತಿರುಗಿದ.

"ನಿಲ್ಲಿ." ಅವಳಿಗೇ ಅರಿವಿಲ್ಲದೆ ಮಾತು ಹೊರಬಿತ್ತು. "ಯಾರೂ ಹೇಳಿಕೊಡದ ಒಂದು ಮಾತು ಹೇಳಿ ಹೋಗಿ. ಒಂದೇ ಒಂದು."

"ಬೇಜಾರಾಗ್ತೀರ."

"ಆಗ್ಲಿ."

ಅವನು ಅವಳತ್ತ ತಿರುಗಿದ.

"ನೀವು ಎದುರಿಗಿರೋರ ಮಾತು ಕೇಳಲ್ಲ ಕಣ್ರೀ. ನಿಮ್ಮ ಮನಸ್ಸಲ್ಲಿರೋ ಕಥೆಗೆ ಅವ್ರು ಹೊಂದ್ತಾರಾ ಅಂತ ನೋಡ್ತೀರ. ಒಂದ್ಸಲ ಇಲ್ಲೇ ನಿಂತು ನಮ್ಮಪ್ಪ ತೀರ್ಕಂಡ ದಿನದ ವಿಚಾರ ಹೇಳ್ತಿದ್ದೆ. ನೀವು ಪುಸ್ತಕ ಜೋಡಿಸ್ತಾ 'ಆಮೇಲೆ?' ಅಂದ್ರಿ. ಆಮೇಲೆ ಏನಿರುತ್ತೆ? ಅವತ್ತು ಮನೆಗೋಗಿ ಊಟ ಮಾಡ್ಲಿಲ್ಲ ನಾನು. ಇನ್ನು ಈ ಅಂಗಡಿ ಮೆಟ್ಲು ತುಳಿಯಲ್ಲ ಅಂದ್ಕಂಡೆ. ಮುಂದಿನ ಸಲ ಮತ್ತೆ ಬಂದೆ... ಯಾಕೆ ಬಂದೆ ಅಂತ ಅಜ್ಜಿಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ."

ಮೇಘಶ್ರೀ ಕಪಾಟಿಗೆ ಒರಗಿದಳು. ಅವಳಿಗೆ ಆ ದಿನದ ನೆನಪೇ ಇರಲಿಲ್ಲ! ಒಬ್ಬ ಮನುಷ್ಯ ತನ್ನೆದುರು ನಿಂತು ತಂದೆಯ ಸಾವಿನ ಮಾತಾಡಿದ್ದ, ಅವಳು ಅದನ್ನು ಕೇಳಿಸಿಕೊಂಡೇ ಇರಲಿಲ್ಲ.

ನೋವು ಕಚ್ಚಿ ಹಿಡಿಯಿತು. ಅಭಿಮಾನಕ್ಕೆ ಪೆಟ್ಟಾದ ನೋವಾಗಿದ್ದರೆ ಅವಳು ಅವನನ್ನು ಹೋಗಗೊಡುತ್ತಿದ್ದಳೇನೋ. ಇವನು ಅಂದು ಉಪವಾಸ ಮಲಗಿದ್ದ ಎಂಬುದೇ ಅವಳನ್ನು ಸುಡುತ್ತಿತ್ತು.

ಅವಳು ಸ್ಟೂಲು ಎಳೆದು ಅವನ ಮುಂದಿಟ್ಟಳು.

"ಕೂತ್ಕೊಳ್ಳಿ. ನಿಮ್ಮಪ್ಪನ ವಿಚಾರ ಹೇಳಿ... ಮೊದಲಿಂದ."

"ಈಗಾ? ಹೊತ್ತಾಗೋಯ್ತು, ಎಲ್ಲಾ ಬರೋ..."

"ಬರಲಿ. ಕಾಯಲಿ."

ಅವನು ಕೂತ. ಮೊದಲು ತಡವರಿಸಿದ.

"ಗಾಣ ತಿರುಗ್ತಿತ್ತು. ಎಣ್ಣೆ ಬಿಸಿ ಆಗೈತಾ ನೋಡೋ ಅಂದ್ರು. ನಾನು ಬೆರಳದ್ದಿ ನೋಡಿ ತಿರುಗೋ ಅಷ್ಟರಲ್ಲಿ ಗೋಡೆಗೆ ಒರಗಿದ್ರು. ನಿದ್ದೆ ಹತ್ತೈತೆ ಅಂದ್ಕಂಡೆ. ಸದ್ದಿಗೆ ಎಚ್ಚರ ಆಗ್ಬಾರ್ದು ಅಂತ... ಮೋಟ್ರು ಆಫ್ ಮಾಡ್ದೆ. ಪಕ್ಕದಲ್ಲೇ ಕೂತು ಕಾಯ್ತಿದ್ದೆ ಕಣ್ರೀ. ಎದ್ದೇಳ್ತಾರೆ ಅಂತ."

ಮೇಘಶ್ರೀ ಈ ಸಲ 'ಆಮೇಲೆ?' ಅನ್ನಲಿಲ್ಲ. ಅವನ ಮಾತು ನಿಂತಾಗ ಆತುರಪಡಿಸಲಿಲ್ಲ. ಕೆನ್ನೆ ಮೇಲೆ ಇಳಿದ ನೀರನ್ನು ಒರೆಸಿಕೊಳ್ಳಲೂ ಇಲ್ಲ.

ಆ ಮನುಷ್ಯನನ್ನು ಒಮ್ಮೆ ನೋಡಬೇಕಿತ್ತು ಅನ್ನಿಸಿತು ಅವಳಿಗೆ. ಆ ಗಾಣದ ಮನೆಯಲ್ಲಿ, ಇವನ ಪಕ್ಕದಲ್ಲಿ, ಅವತ್ತು ತಾನೂ ಕೂತಿರಬೇಕಿತ್ತು ಅನ್ನಿಸಿತು. ಈ ಆಸೆಯನ್ನು ಯಾರೂ ಅವಳ ಕಿವಿಗೆ ಊದಿರಲಿಲ್ಲ. ಅದು ಎಲ್ಲಿಂದ ಬಂತೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೆಟ್ಟಿಲ ಮೇಲಿಂದ ಅಜ್ಜಿಯ ದನಿ ಬಂತು. "ಏಯ್ ಮೇಘೀ! ಯಾರ ಜೊತೇಲೇ ಮಾತು? ಹನ್ನೊಂದಾಗ್ತಾ ಬಂತು, ಇನ್ನೂ ಸೀರೆ ಉಟ್ಟಿಲ್ವಲ್ಲೇ!"

ಮಹಾಂತೇಶ್ ಗಡಬಡಿಸಿ ಎದ್ದ.

"ನಾನು ಹೊರಡ್ತೀನಿ. ಅಮ್ಮ ಕಾರಲ್ಲೇ ಕೂತವ್ರೆ, ಎಲೆ ಅಡಿಕೆ ತಟ್ಟೆ ತೊಡೆ ಮೇಲೆ ಇಟ್ಕಂಡು. ಎಲ್ಲಾ ಹೇಳಿದ್ದೀನಿ ಅವ್ರಿಗೆ. ಹೋಗಿ ಕೇಳ್ಕಂಡ್ ಬಾ, ಹೆಣ್ಣಿನ ಬಾಯಿಂದ ಬಾ ಅಂತ ಬರೋವರೆಗೂ ನಾನು ಇಳಿಯಲ್ಲ ಅಂದ್ರು. ವಾಪಸ್ ಹೋಗಣ ಅಂತ ಹೇಳ್ತೀನಿ."

ಮೇಘಶ್ರೀ ಷಟರ್ ಕೆಳಗೆ ಬಗ್ಗಿ ನೋಡಿದಳು. ರಸ್ತೆಯಾಚೆ, ಸುಡುಬಿಸಿಲಲ್ಲಿ ನಿಂತ ಕಾರಿನೊಳಗೆ ರೇಷ್ಮೆ ಸೀರೆಯ ಹೆಂಗಸೊಬ್ಬರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

ಅವಳು ಎರಡೂ ಕೈಯಿಂದ ಷಟರನ್ನು ಪೂರ್ತಿ ಮೇಲಕ್ಕೆ ತಳ್ಳಿದಳು. ಬೆಳಕು ಒಳಗೆ ನುಗ್ಗಿತು.

"ಇಷ್ಟು ಬಿಸಿಲಲ್ಲಿ ಅತ್ತೇನ ಕಾರಲ್ಲಿ ಕೂರಿಸಿ ಬಂದಿದ್ದೀರಲ್ಲ, ಬುದ್ಧಿ ಇದೆಯಾ ನಿಮಗೆ? ಹೋಗಿ ಕರ್ಕೊಂಡು ಬನ್ನಿ!"

ಅವನು ಕದಲಲಿಲ್ಲ.

"ಏನಂದ್ರಿ...?"

"ಕೇಳಿಸ್ಲಿಲ್ವಾ?"

"ಕೇಳಿಸ್ತು." ಅವನ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ಇನ್ನೊಂದ್ಸಲ ಹೇಳ್ರೀ."

"ಹೋಗ್ರೀ! ಅತ್ತೆ ಕಾಯ್ತಿದ್ದಾರೆ." ಅವನು ಮೆಟ್ಟಿಲಿಳಿಯುವಾಗ ಅವಳು ಮೆಲ್ಲಗೆ ಕೂಗಿದಳು. "ರೀ... ಅಂಗಿ ಗುಂಡಿ ಸರಿಯಾಗಿ ಹಾಕ್ಕೊಳ್ಳಿ, ಅಪ್ಪ ನಗ್ತಾರೆ."