ಏಳನೇ ನಂಬರಿನ ಬಿಲ್ಲೆ

ಭಾನುವಾರ ಬೆಳಗ್ಗೆ ಒಬ್ಬಳೇ ನದಿಗಿಳಿಯುವುದು ನನ್ನ ಅಭ್ಯಾಸ. ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ಕಂಡವರ ಕಣ್ಣಿಗೆ ಒಂದೊಂದೇ ಗಾಜು ಇಟ್ಟು, "ಈಗ ಕಾಣುತ್ತಾ? ಈಗ?" ಎಂದು ಕೇಳಿ ಕೇಳಿ ಸಾಕಾಗಿರುತ್ತದೆ. ನದಿಯನ್ನು ನಾನೇನೂ ಕೇಳಬೇಕಾಗಿಲ್ಲ, ಅದೂ ನನ್ನನ್ನು ಕೇಳುವುದಿಲ್ಲ.

ಕಯಾಕ್ ನನ್ನ ಸ್ವಂತದ್ದು. ಗಾಳಿ ತುಂಬಿದರೆ ದೋಣಿ, ಬಿಟ್ಟರೆ ಬೆನ್ನಿಗೇರುವ ಚೀಲ. ದಡದ ಶೆಡ್ಡಿನಲ್ಲಿ ಮಾತ್ರ ಒಂದು ನಿಯಮವಿದೆ. ನೀರಿಗಿಳಿಯುವವರು ಹಲಗೆಯ ಮೊಳೆಯಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು, ಬಂದ ಮೇಲೆ ಅದೇ ಮೊಳೆಗೆ ತಗುಲಿಹಾಕಬೇಕು. ಮೊಳೆ ಖಾಲಿ ಇದ್ದರೆ ಯಾರೋ ಇನ್ನೂ ನೀರಿನಲ್ಲಿದ್ದಾರೆ ಎಂದರ್ಥ. ನನ್ನದು ಏಳನೇ ನಂಬರು.

ಆ ಭಾನುವಾರ ಹೋದಾಗ ರಿಜಿಸ್ಟರಿನ ಮುಂದೆ ಕೂತಿದ್ದ ಅಕ್ಕ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಶೆಡ್ಡು ಅವರದು ಮತ್ತು ಅವರ ತಮ್ಮನದು.

"ಸ್ವಲ್ಪ ಜೇಬು ನೋಡ್ಕೊಳ್ಳಿ."

ನೋಡಿಕೊಂಡೆ. ಏಳನೇ ಬಿಲ್ಲೆ ಒಂದು ವಾರದಿಂದ ನನ್ನ ಜಾಕೆಟ್ಟಿನಲ್ಲಿ ಬೆಚ್ಚಗೆ ಕೂತಿತ್ತು.

"ಹೋದ ವಾರ ನನ್ನ ತಮ್ಮ ಮಧ್ಯಾಹ್ನದಿಂದ ಸಂಜೆವರೆಗೂ ನದಿಯೆಲ್ಲ ಜಾಲಾಡಿದ. ನೀವು ಬರೆದಿದ್ದ ನಂಬರಿಗೆ ಫೋನ್ ಮಾಡಿದ್ರೆ ಯಾರೋ ಟೈಲರ್ ಎತ್ತಿ ಬೈದ. ನಾಲ್ಕು ಸಲ ಬೈದ! ಕೊನೆಗೆ ನೀವು ಚೀಲ ಹೊತ್ಕೊಂಡು ಸೇತುವೆ ದಾಟಿದ್ದನ್ನ ಕಂಡೆ ಅಂತ ಮೀನು ಹಿಡಿಯೋರೊಬ್ರು ಹೇಳಿದ್ಮೇಲೆ ಹುಟ್ಟು ಕೆಳಗಿಟ್ಟ."

ನನ್ನ ಮುಖ ಬಿಸಿಯಾಯಿತು. ಫೋನ್ ನಂಬರಿನ ಕೊನೆಯ ಅಂಕಿಯನ್ನು ಬೇಕೆಂದೇ ಬದಲಿಸಿ ಬರೆದಿದ್ದೆ. ಊರಿಗೆಲ್ಲ ನಂಬರ್ ಹಂಚುವುದು ನನಗಾಗದ ಕೆಲಸ.

ತಮ್ಮ ಮೂಲೆಯಲ್ಲಿ ಕೂತು ಹರಿದ ಲೈಫ್ ಜಾಕೆಟ್ ಹೊಲಿಯುತ್ತಿದ್ದ. ನನ್ನ ಕಡೆ ನೋಡಲು ಕಣ್ಣು ಕಿರಿದು ಮಾಡಿದ. ಅದು ಸಿಟ್ಟಲ್ಲ ಎಂದು ನನ್ನ ಕಸುಬಿಗೆ ತಕ್ಷಣ ಗೊತ್ತಾಯಿತು.

"ನಿಮ್ಮ ಕನ್ನಡಕ ಎಲ್ಲಿ?" ಎಂದೆ.

"ನದಿ ಪಾಲಾಯ್ತು. ನಿಮ್ಮನ್ನ ಹುಡುಕೋಕೆ ಬಗ್ಗಿದಾಗ," ಎಂದು ಅಕ್ಕನೇ ಹೇಳಿದರು. "ಇನ್ನು ಮೂರು ತಿಂಗಳು ನೀವು ಒಬ್ರೇ ಇಳಿಯೋ ಹಾಗಿಲ್ಲ. ಜೊತೆಗೆ ಯಾರಾದ್ರೂ ಬೇಕು."

"ನನ್ನ ಜೊತೆಗೆ ಯಾರೂ ಇಲ್ಲ."

ಇದ್ದ ವಿಷಯವನ್ನು ಇದ್ದ ಹಾಗೆ ಹೇಳಿದ್ದೆ. ಅಕ್ಕ ತಮ್ಮನ ಕಡೆ ತಿರುಗಿದರು.

ತಮ್ಮ ಸೂಜಿ ಕೆಳಗಿಟ್ಟ. "ನಾನು ಹಿಂದೆ ಬರ್ತೀನಿ. ದೂರದಲ್ಲೇ ಇರ್ತೀನಿ. ಮಾತಾಡಲ್ಲ."

ನದಿ ಅಂದು ಅಲುಗಾಡದೆ ಬಿದ್ದಿತ್ತು. ಅರ್ಧ ಗಂಟೆ ನಾನು ಹಿಂದಿರುಗಿ ನೋಡಲಿಲ್ಲ. ಅವನ ಹುಟ್ಟು ನೀರಿಗೆ ಬೀಳುವ ಸದ್ದು ಮಾತ್ರ ಹಿಂದೆ ಬರುತ್ತಿತ್ತು. ನಾನು ಒಂದು ಹಾಕಿದರೆ ಅವನೂ ಒಂದು. ಮೊದಲು ಕಿರಿಕಿರಿಯಾಯಿತು, ಆಮೇಲೆ ರೂಢಿಯಾಯಿತು.

ತಿರುವಿನ ಹತ್ತಿರ ಆ ಸದ್ದು ನಿಂತುಹೋಯಿತು.

ನನಗೆ ಹೆದರಿಕೆಯಾಯಿತು. ಒಂದೇ ಗಳಿಗೆ ಅಷ್ಟೇ. ಹೋದ ವಾರ ಅವನು ಇದನ್ನು ಸಂಜೆಯವರೆಗೂ ಸಹಿಸಿದ್ದ. ತಟ್ಟನೆ ತಿರುಗಿದೆ. ಅವನು ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಬೇರೆ ಯಾವುದೋ ಕಡೆ ಕಣ್ಣು ಕಿರಿದು ಮಾಡಿ ಹುಡುಕುತ್ತಿದ್ದ.

"ಇಲ್ಲಿದ್ದೀನಿ!" ಎಂದು ಕೂಗಿದೆ. "ಅಲ್ಲಿಂದ ನಾನು ಕಾಣ್ತೀನಾ?"

"ಕೆಂಪು ಚುಕ್ಕೆ ಥರ ಏನೋ ಇದೆ."

"ಹತ್ತಿರ ಬನ್ನಿ. ಈಗ?"

"ಈಗ ಚುಕ್ಕೆಗೆ ತಲೆ ಬಂತು."

"ಈಗ?"

"ನಗ್ತಾ ಇದ್ದೀರಿ ಅನ್ಸುತ್ತೆ."

ಅವನ ಕಯಾಕ್ ನನ್ನದಕ್ಕೆ ಮೆಲ್ಲಗೆ ತಾಗಿತು. "ಈಗ?" ಎಂದೆ. ದನಿ ನನ್ನದೇ ಎಂದು ನನಗೆ ನಂಬಿಕೆ ಬರಲಿಲ್ಲ.

ಅವನು ಕಣ್ಣು ಕದಲಿಸಲಿಲ್ಲ. "ಈಗ ಕಾಣ್ತಿದೆ. ಹೋದ ವಾರ ಹೀಗೇ ಕಂಡುಬಿಡಲಿ ಅಂತ ಎಷ್ಟು ಬೇಡ್ಕೊಂಡೆ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ನನಗಾಗಿ ಯಾರೂ ಬೇಡಿಕೊಂಡದ್ದು ನೆನಪಿಲ್ಲ.

"ನಾಳೆ ನನ್ನ ಅಂಗಡಿಗೆ ಬನ್ನಿ," ಎಂದೆ. "ಕನ್ನಡಕದ ಅಂಗಡಿ."

ದಡಕ್ಕೆ ಬಂದು, ಮೊದಲು ಬಿಲ್ಲೆಯನ್ನು ಮೊಳೆಗೆ ತಗುಲಿಹಾಕಿದೆ. ಆಮೇಲೆ ರಿಜಿಸ್ಟರ್ ತೆಗೆದು, ಟೈಲರನ ಅಂಕಿಯನ್ನು ಹೊಡೆದು, ನನ್ನದನ್ನು ದಪ್ಪಗೆ ಬರೆದೆ.

ಅವನು ಪುಸ್ತಕವನ್ನು ಮೂಗಿನವರೆಗೆ ತಂದು ಓದಿದ. "ಮೊಳೆ ಖಾಲಿ ಇದ್ರೆ ಮಾತ್ರ ಫೋನ್ ಮಾಡ್ತೀನಿ."

"ಬಿಲ್ಲೆ ಮೊಳೆಯಲ್ಲಿದ್ದಾಗ್ಲೂ ಮಾಡಿ," ಎಂದೆ.