ಬಣ್ಣ ಹಚ್ಚದ ತುಂಡು

"ಕೈ ತೆಗೀರಿ!"

ಹಿಂದಿನಿಂದ ಬಂದ ಗುಡುಗಿಗೆ ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಮ್ಯೂಸಿಯಂನಲ್ಲಿ ತರಬೇತಿಗೆ ಸೇರಿದ ಮೊದಲ ದಿನ. ಮೇಜಿನ ಮೇಲಿದ್ದ ಹಳೆಯ ತೊಟ್ಟಿಲನ್ನು ಕಂಡು ತಡೆಯಲಾರದೆ ಬೆರಳು ಚಾಚಿದ್ದಳು, ಅಷ್ಟೇ!

ತಿರುಗಿ ನೋಡಿದರೆ... ಎತ್ತರದ ಯುವಕ. ಮೂಗಿನ ಮೇಲೆ ಕನ್ನಡಕ, ಕನ್ನಡಕದ ಮೇಲೆ ಮರದ ಹೊಟ್ಟು, ಎಲ್ಲದರ ಮೇಲೆ ಕೋಪ.

"ಬೆರಳಿನ ಬೆವರು ಹಳೇ ಮರಕ್ಕೆ ಆಗಲ್ಲ. ಇದನ್ನ ಹಾಕ್ಕೊಳ್ಳಿ," ಎಂದು ಕೈಗವಸು ಚಾಚಿದ.

ಮರದ ವಸ್ತುಗಳನ್ನು ದುರಸ್ತಿ ಮಾಡುವವನಂತೆ. ಇಡೀ ಮ್ಯೂಸಿಯಂ ಬೆನ್ನ ಹಿಂದೆ ಅವನನ್ನು 'ದೂರ್ವಾಸ' ಎನ್ನುತ್ತಿತ್ತು. ಇಟ್ಟ ಹೆಸರು ಸುಳ್ಳಾಗಬಾರದೆಂದು ಅವನೂ ಶ್ರಮಪಡುತ್ತಿದ್ದ.

ಅವಳಿಗೆ ಬೇಕಿದ್ದದ್ದು ಒಂದೇ, ಹಳೆಯ ವಸ್ತುಗಳನ್ನು ಕಾಪಾಡುವ ಕೆಲಸ. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಅನುಭವ ಇದೆಯಾ?" ಯಾರೂ ಕೆಲಸ ಕೊಡದಿದ್ದರೆ ಅನುಭವವೇನು ಮರದಲ್ಲಿ ಬಿಡುತ್ತದೆಯೇ? ಇಲ್ಲಿನ ನಿರ್ದೇಶಕಿ ಮಾತ್ರ ಹೇಳಿದ್ದರು: "ತೊಟ್ಟಿಲಿನ ಪ್ರದರ್ಶನ ಶುರುವಾಗೋವರೆಗೆ ಕಲೀರಿ. ಕೈ ಕುದುರಿದ್ರೆ ಕೆಲಸ ಇಲ್ಲೇ. ಇಲ್ಲಾಂದ್ರೆ ನಮಸ್ಕಾರ."

ಕೈ ಕುದುರುತ್ತಾ ಬಂತು. ದೂರ್ವಾಸನ ಬೈಗುಳ ಕೇಳದ ದಿನ ಏನೋ ಕಳೆದುಕೊಂಡಂತೆ ಅನಿಸಲೂ ಶುರುವಾಯಿತು. 'ಅಯ್ಯೋ, ನನಗೇನಾಗಿದೆ?' ಎಂದು ತನ್ನನ್ನೇ ಗದರಿಕೊಂಡಳು. ಆಗಿದ್ದೇನೆಂದು ಅವಳಿಗೂ ಗೊತ್ತಿತ್ತು.

ಪ್ರದರ್ಶನದ ಹಿಂದಿನ ದಿನ. ತೊಟ್ಟಿಲಿನ ಮುರಿದ ಅಂಚಿಗೆ ಅವನು ಹೊಸ ಮರದ ತುಂಡೊಂದನ್ನು ಕೂದಲೂ ತೂರದ ಹಾಗೆ ಕೂರಿಸಿದ್ದ. ಆದರೆ ಬಣ್ಣ! ಕಪ್ಪಗಿನ ತೊಟ್ಟಿಲಿನಲ್ಲಿ ಅದೊಂದೇ ತುಂಡು ತಿಳಿಗಂದು.

'ಪಾಪ, ಸಮಯ ಸಿಕ್ಕಿಲ್ಲ...'

ಅವಳ ಅಪ್ಪ ಕುರ್ಚಿ ಮೇಜುಗಳಿಗೆ ಪಾಲಿಶ್ ಹಾಕುವವರು. ಜೋಡಿಸಿದ ಗುರುತು ಕಂಡರೆ ಅದು ಕೆಲಸವೇ ಅಲ್ಲ ಎನ್ನುವ ಮನೆಯಲ್ಲಿ ಬೆಳೆದವಳು ಅವಳು. ಅವನು ಊಟಕ್ಕೆ ಹೋದಾಗ ಬಣ್ಣ ಬೆರೆಸಿ ಆ ತುಂಡಿಗೆ ಹಚ್ಚಿದಳು.

ಅವನು ಬಂದು ತೊಟ್ಟಿಲನ್ನು ಒಂದು ಸುತ್ತು ಹಾಕಿದ. ಮತ್ತೊಂದು ಸುತ್ತು ಹಾಕಿದ.

"ನಾನು ಕೂರಿಸಿದ ತುಂಡು ಎಲ್ಲಿ?"

"ಅಲ್ಲೇ ಇದೆ! ಗೊತ್ತಾಗ್ಲಿಲ್ವಾ?" ಅವಳ ಮುಖ ಊರಗಲವಾಯಿತು. "ಚೆನ್ನಾಗಿದೆಯಾ?"

"ತುಂಬಾ ಚೆನ್ನಾಗಿದೆ. ಅದೇ ತಪ್ಪು! ನಾವು ಸೇರಿಸಿದ್ದು ಯಾವುದು ಅಂತ ನೋಡೋರಿಗೆ ಕಾಣ್ಬೇಕು. ಅದಕ್ಕೇ ಬೇಕಂತ ಹಾಗೆ ಬಿಟ್ಟಿದ್ದೆ. ಇದು ಸುಳ್ಳು ಹೇಳಿದ ಹಾಗೆ."

ಸುಳ್ಳು! ಅವಳ ಕಣ್ಣು ತುಂಬಿತು.

"ಹಾಗಾದ್ರೆ ನಮ್ಮಪ್ಪ ಜೀವಮಾನವಿಡೀ ಸುಳ್ಳೇ ಹೇಳಿದ್ರಾ?"

ಉತ್ತರಕ್ಕೂ ಕಾಯದೆ ಹೊರಟುಬಿಟ್ಟಳು.

ಮನೆಯಲ್ಲಿ ಅಪ್ಪ ಎಲ್ಲವನ್ನೂ ಕೇಳಿದರು. "ಅವನಿಗೇ ಗುರುತು ಸಿಗ್ಲಿಲ್ವಾ? ನಿಜವಾಗ್ಲೂ?" ಎಂದು ಮೂರು ಸಲ ಕೇಳಿ ಮೀಸೆ ತಿರುವಿದರು.

ಅವಳಿಗೆ ನಗು ಬರಲಿಲ್ಲ. ಅಪ್ಪನ ಗಿರಾಕಿಗಳಿಗೆ ಬೇಕಿದ್ದದ್ದು ಹೊಸದಾಗಿ ಕಾಣುವ ಮೇಜು. ತೊಟ್ಟಿಲು ನೋಡಲು ಬರುವವರಿಗೆ ಬೇಕಾದದ್ದು ತೊಟ್ಟಿಲಿನ ನಿಜ. ಅವನು ಹೇಳಿದ್ದು ಸರಿ... ಆದರೂ ಹಾಗೆ ಹೇಳಬಾರದಿತ್ತು!

ಬೆಳಗ್ಗೆ ಹೋದಾಗ ನಿರ್ದೇಶಕಿಯ ಮುಂದೆ ಅವನು ತಲೆ ತಗ್ಗಿಸಿ ನಿಂತಿದ್ದ.

"ತಪ್ಪು ನಂದು ಮೇಡಂ. ಅವರಿಗೆ ನಾನು ಹೇಳೇ ಇರ್ಲಿಲ್ಲ. ಈಗ ಹೊಸ ತುಂಡು ಎಲ್ಲಿ ಮುಗಿಯುತ್ತೆ ಅಂತ ನಂಗೇ ಕಾಣ್ತಿಲ್ಲ. ಬಣ್ಣ ತೆಗೆಯೋ ಸ್ಪಿರಿಟ್ ಹಳೇ ಮರಕ್ಕೆ ತಾಗಿದ್ರೆ ಅದರ ಬಣ್ಣಾನೂ ಹೋಗುತ್ತೆ."

'ನನಗೋಸ್ಕರ ಬೈಸಿಕೊಳ್ತಿದಾನಾ?' ಅವಳು ಮುಂದೆ ಬಂದಳು.

"ಇಲ್ಲ ಮೇಡಂ, ಮಾಡಿದ್ದು ನಾನು. ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ... ನಾನೇ ತೆಗೀತೀನಿ."

"ಹಳೇ ಮರ ಹಾಳಾದ್ರೆ ನಿಮಗೆ ಇಲ್ಲಿ ಕೆಲಸ ಇಲ್ಲ. ಗೊತ್ತಲ್ಲ?" ಎಂದರು ನಿರ್ದೇಶಕಿ.

"ಗೊತ್ತು."

ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಹಿಂಡಿದಳು. ಎಲ್ಲೆಲ್ಲಿ ಎಷ್ಟು ಬಣ್ಣ ಹಚ್ಚಿದ್ದಳೋ ಅವಳ ಕೈಗೆ ನೆನಪಿತ್ತು. ಅವನು ಪಕ್ಕದಲ್ಲಿ ದೀಪ ಹಿಡಿದು ನಿಂತ. ಸ್ವಲ್ಪ ಸ್ವಲ್ಪವಾಗಿ ತಿಳಿಗಂದು ತುಂಡು ಹೊರಬಂತು. ಪಕ್ಕದ ಕಪ್ಪು ಮರ ಇದ್ದ ಹಾಗೇ ಇತ್ತು!

ನಿರ್ದೇಶಕಿ ಭೂತಗನ್ನಡಿ ಹಿಡಿದು ಅಂಚನ್ನೆಲ್ಲ ನೋಡಿದರು. "ಸೋಮವಾರದಿಂದ ತರಬೇತಿ ಇಲ್ಲ ನಿಮಗೆ," ಎಂದರು. ಅವಳ ಮುಖ ಬಾಡುವಷ್ಟರಲ್ಲಿ ನಕ್ಕರು. "ಕೆಲಸ! ಹೊತ್ತಿಗೆ ಸರಿಯಾಗಿ ಬನ್ನಿ."

ಸಂಜೆ ಪ್ರದರ್ಶನಕ್ಕೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ತೊಟ್ಟಿಲಿನ ಮುಂದೆ ನಿಂತು ಹುಬ್ಬು ಗಂಟಿಕ್ಕಿದರು.

"ಇದೇನಮ್ಮ, ಇಲ್ಲಿ ಬಣ್ಣ ಹಚ್ಚೋದೇ ಮರೆತಿದೀರಲ್ಲ!"

"ಮರೆತಿಲ್ಲ ಅಪ್ಪ. ಅದು ಇವರು ಕೂರಿಸಿದ ತುಂಡು. ಎಲ್ಲರಿಗೂ ಕಾಣ್ಬೇಕು," ಎಂದಳು. ಅವಳ ದನಿಯಲ್ಲಿದ್ದ ಹೆಮ್ಮೆಗೆ ಅವನ ಕಿವಿ ಕೆಂಪಾಯಿತು.

"ಓಹೋ, ಬೈದವರು ಇವರೇನಾ? ಬೈದವರ ಪಕ್ಕ ಯಾರಾದ್ರೂ ಇಷ್ಟು ಹತ್ತಿರ ನಿಲ್ತಾರಾ?"

"ಅಪ್ಪಾ!"

ದೂರ್ವಾಸ ಅವರಿಗೆ ಕೈ ಮುಗಿದ. "ಸುಳ್ಳು ಅಂದಿದ್ದು ತಪ್ಪಾಯ್ತು, ಕ್ಷಮಿಸಿ. ನಿಮ್ಮ ಮಗಳಂಥ ಕೈ ನಾನೆಲ್ಲೂ ನೋಡಿಲ್ಲ. ನಿಮ್ಮಿಂದ ಬಂದಿದ್ದಂತೆ."

ಅಪ್ಪ ಮಗಳನ್ನು ನೋಡಿದರು, ಅವನನ್ನು ನೋಡಿದರು. ಇದ್ದಕ್ಕಿದ್ದಂತೆ ಪಕ್ಕದ ಕೋಣೆಯಲ್ಲಿಟ್ಟಿದ್ದ ಹಳೆಯ ಬಾಗಿಲುಗಳಲ್ಲಿ ಅವರಿಗೆ ಬಹಳ ಆಸಕ್ತಿ ಹುಟ್ಟಿತು.

ಇಬ್ಬರೇ ಉಳಿದರು.

"ನಂಗೆ ನೀವು ಇಷ್ಟ," ಎಂದುಬಿಟ್ಟಳು. "ಯಾವಾಗಿಂದ ಅಂತ ಗೊತ್ತಿಲ್ಲ."

"ನಂಗೆ ಗೊತ್ತು."

"ನನ್ನ ವಿಷಯ ನಿಮಗೆ ಹೇಗೆ ಗೊತ್ತು?"

"ನಿನ್ನದಲ್ಲ. ನಂದು." ಮೊದಲ ಬಾರಿ 'ನೀನು' ಎಂದಿದ್ದ. "ಮುರಿದ ಕುರ್ಚಿಯ ಧೂಳು ಒರೆಸ್ತಾ ಅದಕ್ಕೆ 'ನೋಯ್ತಾ?' ಅಂತ ಕೇಳಿದೆಯಲ್ಲ... ಅವತ್ತಿಂದ."

"ಅಯ್ಯೋ, ಕೇಳಿಸ್ಕೊಂಡ್ರಾ?"

"ಹೂಂ. ಅವತ್ತು ಆ ಕುರ್ಚಿ ನೋಡಿ ಹೊಟ್ಟೆಕಿಚ್ಚಾಯ್ತು."