ಪ್ರಾರ್ಥನೆಯ ಹೊತ್ತಿನಲ್ಲಿ ಹೋದ ಸಂದೇಶ

"ನಾ ಕಳಿಸಿಲ್ರಿ ಕಾಕಾ! ಖರೇನ ಕಳಿಸಿಲ್ಲ!"

ಭಾಲ್ಕಿಯ ತನ್ನ ಮನೆಯ ಹೊಸ್ತಿಲಲ್ಲೇ ಸ್ವೀಟಿ ಫಿಲಿಪ ಸರ್ ಎದುರು ಅತ್ತುಬಿಟ್ಟಳು. ಅವರನ್ನು ಬೀದರದಿಂದ ತನ್ನ ಆಟೋದಲ್ಲಿ ಕರೆತಂದ ನೋಹನಿಗೆ ಸೊಂಟ ಹಿಡಿದಿತ್ತು. ನಿವೃತ್ತ ವಿಜ್ಞಾನ ಮಾಸ್ತರಾದ ಸರ್‌ಗೆ ಊರವರ ಗೋಜಲು ಬಿಡಿಸುವ ಚಟ, ಓಡಾಟವೆಲ್ಲ ನೋಹನ ತಲೆಗೆ. ಸಾಕಪ್ಪಾ ಸಾಕು ಅನ್ನಿಸಿದರೂ ಹುಡುಗಿಯ ಮುಖ ನೋಡಿ ಒಳಗೆ ನಡೆದ.

ಹಿಂದಿನ ಸಂಜೆ ಮನೆಪ್ರಾರ್ಥನೆ ನಡೆದಿದ್ದಾಗ ಸ್ವೀಟಿಯ ಫೋನಿನಿಂದ ಔರಾದಕ್ಕೆ, ಆಕೆಗೆ ಗೊತ್ತಾದ ವರ ಜಾನಿಗೆ ಸಂದೇಶ ಹೋಗಿತ್ತು: 'ಈ ಮದುವಿ ನನಗ ಬ್ಯಾಡ.' ಸಿಟ್ಟಿಗೆದ್ದ ಜಾನಿಯ ಮನೆಯವರು ಇವತ್ತೇ ಬೇರೆ ಹುಡುಗಿಯನ್ನು ನೋಡಲು ಹೊರಟಿದ್ದರು.

ಪ್ರಾರ್ಥನೆಗೆ ಮುಂಚೆ ಎಲ್ಲರ ಫೋನೂ ಸ್ಟೂಲಿನ ಮೇಲಿನ ಬುಟ್ಟಿಗೆ ಬೀಳಬೇಕು, ಎಲ್ಲರೂ ಚಾಪೆಯ ಮೇಲೆ ಮೊಣಕಾಲೂರಿ ಕಣ್ಣು ಮುಚ್ಚಬೇಕು. ಅದು ಆ ಮನೆಯ ರೂಢಿ. ಕಾಲು ಸೆಟೆದು ತಾನಾಗಿ ಏಳಲಾಗದ ಸೋದರತ್ತೆ ಜ್ಞಾನಮ್ಮ ಮಾತ್ರ ಸ್ಟೂಲಿನಾಚೆ, ಬುಟ್ಟಿ ಕೈಗೆಟಕುವಷ್ಟು ಹತ್ತಿರ, ಸ್ವಿಚ್‌ಬೋರ್ಡಿನ ಪಕ್ಕ ಕುರ್ಚಿಯಲ್ಲಿ.

"ಬುಟ್ಟಿಗಿ ಹಾಕೋ ಮುಂಚೆ ಇಕಿನೇ ಕಳಿಸ್ಯಾಳ್ರಿ," ಎಂದಳು ಅತ್ತಿಗೆ ಹೆಪ್ಸಿಬಾ.

"ಬುಟ್ಟಿ ಪಕ್ಕ ಕುಂತಾಕಿ ನೀನೇ ಅಲ್ಲೇನು?" ಎಂದಳು ಸ್ವೀಟಿ.

"ಫೋನಿನ ಲಾಕ್ ಯಾರಿಗೆ ಗೊತ್ತದ?" ಫಿಲಿಪ ಸರ್ ಕೇಳಿದರು.

"ಎಲ್ಲಾರಿಗೂ ರೀ. ಅತ್ತಿ ಅದರಾಗೇ ಬೈಬಲ್ ಓದ್ತಾಳ," ಎಂದಳು ಸ್ವೀಟಿ.

ಫೋನಿನಲ್ಲಿ ಅರ್ಧ ಚಾರ್ಜ್ ತೋರಿಸುತ್ತಿತ್ತು. ಸರ್ ಹಿಂದಿನ ಮುಚ್ಚಳ ಬಿಚ್ಚಿ, ಚೀಲದಿಂದ ವೋಲ್ಟ್‌ಮೀಟರ್ ತೆಗೆದು ಬ್ಯಾಟರಿಗೆ ಹಚ್ಚಿದರು: ಮೂರೂ ಮುಕ್ಕಾಲು ವೋಲ್ಟ್. ಸಂದೇಶ ಕಳಿಸಲು ಒತ್ತಿದ್ದೇ ತಡ, ಮೂರಕ್ಕೆ ಕುಸಿದು ಫೋನ್ ಆರಿತು. ಮತ್ತೆ ಮತ್ತೆ ಹಾಗೆಯೇ ಆಯಿತು. ಚಾರ್ಜರ್ ಚುಚ್ಚಿದಾಗ ಮಾತ್ರ ಸಂದೇಶ ಹೋಯಿತು.

ಸರ್ ಎಲ್ಲರನ್ನೂ ಕೂರಿಸಿದರು. ದನಿಯಲ್ಲಿ ಗೆದ್ದ ಉತ್ಸಾಹವಿರಲಿಲ್ಲ.

"ಬ್ಯಾಟರಿಗಿ ವಯಸ್ಸಾಗ್ಯಾದ. ಸುಮ್ನ ಇದ್ದಾಗ ವೋಲ್ಟೇಜ್ ಛಲೋ ಕಾಣ್ತದ. ಸಂದೇಶ ಕಳಿಸೋವಾಗ ಫೋನು ಒಮ್ಮೆಲೆ ಕರೆಂಟ್ ಜಗ್ತದ, ಆಗ ವೋಲ್ಟೇಜ್ ಬಿದ್ದು ಫೋನು ತಾನೇ ಬಂದ್ ಆಗ್ತದ. ಸಂದೇಶದ ಮ್ಯಾಲಿನ ಟೈಮು ಪ್ರಾರ್ಥನಿ ನಡುವಿಂದು, ಬುಟ್ಟಿಗಿ ಹಾಕೋ ಮುಂಚಿಂದಲ್ಲ. ಅಂದ್ರ ಆಗ ಫೋನು ಚಾರ್ಜರಿಗಿ ಇತ್ತು. ಚಾರ್ಜರ್ ವೈರು ಗಿಡ್ಡ, ಕುರ್ಚಿ ತನಕಷ್ಟೇ ಬರ್ತದ. ಚಾಪಿ ಮ್ಯಾಲಿದ್ದೋರು ಯಾರೂ ಎದ್ದಿಲ್ಲ, ಎದ್ದಿದ್ರ ಜ್ಞಾನಮ್ಮೋರು ಹೇಳ್ತಿದ್ರು. ಅಕ್ಕಾ, ಕುಂತಲ್ಲೇ ಚಾರ್ಜರ್ ಕೈಗಿ ಸಿಗೋದು ನಿಮಗೊಬ್ರಿಗೇ."

ಜ್ಞಾನಮ್ಮ ಅಲ್ಲಗಳೆಯಲಿಲ್ಲ. "ಇಕಿ ಹೋದ್ರ ನನ್ನ ಎಬ್ಬಿಸೋರು ಯಾರು?"

"ನನಗ ಒಂದು ಮಾತು ಕೇಳಬೇಕಿಲ್ಲೇನು ಅತ್ತಿ?"

"ಕೇಳಿದ್ರ ನನ್ನ ಸಲುವಾಗಿ ನೀನೇ ಮದುವಿ ಬಿಟ್ಟು ಉಳೀತಿದ್ದಿ. ಆ ಉಪಕಾರ ನನಗ ಹೊರಲಿಕ್ಕ ಆಗ್ತಿದ್ದಿಲ್ಲವ್ವಾ."

ಜ್ಞಾನಮ್ಮ ನೋಹನ ಫೋನ್ ಕೇಳಿ ತಾನೇ ಔರಾದಕ್ಕೆ ಕರೆ ಹಚ್ಚಿದಳು. "ಜಾನಿ, ಅದು ನಾ ಬರೆದದ್ದಪ್ಪಾ. ಹುಡುಗಿದು ತಪ್ಪಿಲ್ಲ. ನೀ ಬಾ, ಕರಕೊಂಡು ಹೋಗು."

ಆ ಕಡೆಯಿಂದ "ಬರ್ತೇನ್ರಿ" ಎಂದದ್ದು ಎಲ್ಲರಿಗೂ ಕೇಳಿಸಿತು. ಫೋನ್ ಮರಳಿಸಿದ ಜ್ಞಾನಮ್ಮ ತಲೆ ತಗ್ಗಿಸಿಕೊಂಡೇ ಹೇಳಿದಳು: "ಸ್ವೀಟಿ, ಬಚ್ಚಲಕ್ಕ ಹೋಗಬೇಕು."

ಸ್ವೀಟಿ ಕಣ್ಣೊರೆಸಿಕೊಂಡಳು. ಆಮೇಲೆ ಬಂದು ಬಗ್ಗಿ, ಎರಡೂ ತೋಳಿನಿಂದ ಅತ್ತೆಯನ್ನು ಎಬ್ಬಿಸಿದಳು.